ಕೈಯಲ್ಲಿದ್ದ ಹೊಲಿಗೆಯೆಲ್ಲ ಮುಗಿದಾಗ

ಮಗಳು ಜ್ವರದಲ್ಲಿ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತು ನಿಂತಿತು. ನಾನು ಅಡುಗೆಮನೆಯಲ್ಲಿ ಅಳುತ್ತಿದ್ದೆ. ಗಂಡ ವಾಮದಪದವು ಪೇಟೆಯಲ್ಲಿದ್ದ ತಮ್ಮ ಟೈಲರ್ ಅಂಗಡಿಗೆ ಹೋಗಿ ಬಂದು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಇದನ್ನು ನೋಡಲಾರದೆ ಬೆಳ್ತಂಗಡಿಯ ನನ್ನ ತಂಗಿ ಒಂದು ಭಾನುವಾರ ಬಂದು, ನನ್ನ ಫೋನಿಗೆ ಆಪ್ತಸಮಾಲೋಚನೆಯ ಆ್ಯಪ್ ಹಾಕಿಕೊಟ್ಟಳು. ವಾರಕ್ಕೊಮ್ಮೆ ಮಧ್ಯಾಹ್ನ ಬೆಂಗಳೂರಿನ ಒಬ್ಬ ಮೇಡಂ ವೀಡಿಯೊದಲ್ಲಿ ಮಾತಾಡುತ್ತಾರೆ ಎಂದಳು.

"ಫೋನಿಗೆ ಹೇಳಿದರೆ ಮಗಳು ಬರ್ತಾಳಾ ಮಾರಾಯ್ತಿ?" ಎಂದರು ಗಂಡ.

"ನೀವು ಗೋಡೆಗೆ ಹೇಳ್ತೀರಿ ಭಾವ, ಅದು ತಿರುಗಿ ಮಾತಾಡುವುದಿಲ್ಲ. ಇವರು ಮಾತಾಡ್ತಾರೆ," ಎಂದಳು ತಂಗಿ.

ನಾನು ಯೋಚಿಸುವುದು ತುಳುವಿನಲ್ಲಿ. ಮೇಡಂ ಹತ್ತಿರ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮಾತಾಡಬೇಕಾಗಿತ್ತು. ಅದರಿಂದ ಒಂದು ಉಪಕಾರವಾಯಿತು. 'ಮಗಳು ತೀರಿಕೊಂಡಳು' ಎಂದು ಕನ್ನಡದಲ್ಲಿ ಹೇಳುವಾಗ ಅದು ಬೇರೆ ಯಾರ ಮನೆಯಲ್ಲೋ ನಡೆದ ಹಾಗೆ ಕೇಳಿಸುತ್ತಿತ್ತು, ಹಾಗಾಗಿ ಪೂರ್ತಿ ಹೇಳಲು ಆಗುತ್ತಿತ್ತು. ದಿನಕ್ಕೊಂದು ಮಾತಾದರೂ ಗಂಡನ ಹತ್ತಿರ ಮಗಳ ಬಗ್ಗೆ ಆಡಿ ಎಂದರು ಮೇಡಂ. ನಾನು ಆಡಿದೆ. ಗಂಡ ಗೋಡೆಯ ಕಡೆ ತಿರುಗಿಕೊಂಡೇ ಕೇಳಿಸಿಕೊಂಡರು.

ಮಳೆ ಬಿಟ್ಟ ಮೇಲೆ ಅವರು ಬದಲಾದರು. ಬೆಳಿಗ್ಗೆ ಬೇಗ ಏಳತೊಡಗಿದರು. ಗ್ಯಾಸ್ ಬುಕ್ ಮಾಡುವುದು, ಪಂಪಿನ ಫ್ಯೂಸ್ ಹಾಕುವುದು, ಎಲ್ಲ ನನಗೆ ಕಲಿಸಿದರು. ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ ಸ್ಕೂಟರ್ ಕಲಿಸಿದರು. ನಾನು ಗೋಲ್ ಕಂಬದ ಕಡೆಗೇ ಹೋದಾಗ, "ಬ್ರೇಕ್ ಉಂಟು ಅದಕ್ಕೆ!" ಎಂದು ಹಿಂದಿನಿಂದ ಓಡಿ ಬಂದರು. ಇಬ್ಬರೂ ನಕ್ಕೆವು. ಮಗಳು ಹೋದ ಮೇಲೆ ಅದೇ ಮೊದಲು. ಮೇಡಂ ಹೇಳಿಕೊಟ್ಟ ಹಾಗೆ ಮಾತಾಡಿದ್ದರ ಫಲ ಇದು ಎಂದುಕೊಂಡೆ.

ಒಂದು ದಿನ ಪೇಟೆಗೆ ಹೋದಾಗ ಅಂಗಡಿಯ ಪಕ್ಕದ ಹೋಟೆಲಿನವರು ಕರೆದರು.

"ಅಕ್ಕಾ, ನಿಮ್ಮ ಯಜಮಾನರು ದುಬೈಗೆ ಹೋಗುವ ಅಂದಾಜಾ ಹೇಗೆ? ಎಷ್ಟೋ ಸಮಯದಿಂದ ಬಿದ್ದಿದ್ದ ಗಿರಾಕಿಗಳ ಅಂಗಿಗಳನ್ನೂ ಹೊಲಿದು ಮುಗಿಸಿ ಮನೆಮನೆಗೆ ಹೋಗಿ ಕೊಟ್ಟು ಬರ್ತಿದ್ದಾರೆ. ದೀಪಾವಳಿಗೆ ಹೊಲಿಸಲಿಕ್ಕೆ ಜನ ಬಂದರೆ, ಬೇರೆ ಕಡೆ ಕೊಡಿ ಅಂತಾರೆ. ಬಂದ ಲಕ್ಷ್ಮಿಯನ್ನು ಓಡಿಸುವ ಟೈಲರ್ ಇವರೊಬ್ಬರೇ!"

ನಾನು ನಕ್ಕು ಬಂದೆ. ಆ ಮಧ್ಯಾಹ್ನ ಮೇಡಂ ಹತ್ತಿರವೂ ಅದನ್ನು ತಮಾಷೆಯೆಂದೇ ಹೇಳಿದೆ, ಸ್ಕೂಟರಿನ ಸುದ್ದಿಯ ಜೊತೆಗೆ. ಮೇಡಂ ಮುಖ ಅಲುಗಲಿಲ್ಲ. ನೆಟ್‌ವರ್ಕ್ ಹೋಯಿತೆಂದು ನಾನು ಫೋನನ್ನು ಕಿಟಕಿಯ ಹತ್ತಿರ ಹಿಡಿದೆ.

"ಕಾಣಿಸ್ತಿದೆ. ಹೊಸ ಬಟ್ಟೆ ತಗೊಳ್ಳೋದು ಪೂರ್ತಿ ನಿಲ್ಲಿಸಿದಾರಾ?" ಎಂದರು.

"ಹೌದು ಮೇಡಂ."

"ಈಗ ಎಲ್ಲಿದಾರೆ ಅವರು?"

ಅಂಗಡಿಯಲ್ಲಿ ಎಂದೆ. ಆ ಉತ್ತರದ ಬಗ್ಗೆ ನನಗೇ ಗ್ಯಾರಂಟಿ ಇರಲಿಲ್ಲ. ಒಬ್ಬ ಮನುಷ್ಯ ಹೀಗೆ ಎಲ್ಲವನ್ನೂ ಮುಗಿಸಿ, ಹಂಚಿ, ಕಲಿಸಿ ಸಮಾಧಾನವಾಗಿ ಕಂಡರೆ, ಅದು ಜೀವ ಬಿಡುವ ತಯಾರಿಯೂ ಆಗಿರಬಹುದು ಎಂದು ಮೇಡಂ ನಿಧಾನವಾಗಿ ವಿವರಿಸಿದರು. "ಈಗಲೇ ಹೋಗಿ, ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟಲ್ಲ. ಒಬ್ಬರನ್ನೇ ಬಿಡಬೇಡಿ. ನಾನು ಫೋನ್ ಹತ್ತಿರಾನೇ ಇರ್ತೀನಿ."

ನಮ್ಮಲ್ಲಿ ಅಂಥ ಮಾತನ್ನು ಬಾಯಲ್ಲಿ ಆಡುವುದೇ ಇಲ್ಲ. ಅತ್ತೆ ಇದ್ದಾಗ ಸಂಜೆಯ ಹೊತ್ತು ಸಾವಿನ ಸುದ್ದಿ ಎತ್ತಿದರೂ ಬೈಯುತ್ತಿದ್ದರು. ರಿಕ್ಷಾದಲ್ಲಿ ಕುಳಿತು ನಾನು ಗಂಡನಿಗೆ ಫೋನ್ ಮಾಡುತ್ತಲೇ ಇದ್ದೆ. ರಿಂಗ್ ಆಗಿ ಆಗಿ ನಿಲ್ಲುತ್ತಿತ್ತು. ದಾರಿಯಲ್ಲಿ ಒಂದು ಕಡೆ ಜನ ಗುಂಪಾಗಿದ್ದರು. ರಿಕ್ಷಾ ನಿಲ್ಲಿಸಿ ಎಂದೆ. ಮೀನಿನ ಗಾಡಿ ಬಂದಿತ್ತು, ಅಷ್ಟೇ.

ಅಂಗಡಿ ತೆರೆದಿತ್ತು. ಅವರು ಮೆಷಿನಿಗೆ ಎಣ್ಣೆ ಬಿಟ್ಟು ಒರೆಸುತ್ತಿದ್ದರು. ಗೋಡೆಯ ಮೊಳೆಗಳಲ್ಲಿ ಒಂದು ಅಂಗಿಯೂ ಇರಲಿಲ್ಲ. ನಾನು ತುಳುವಿನಲ್ಲಿಯೇ ಕೇಳಿದೆ, "ನೀವು ಸಾಯುವ ಯೋಚನೆ ಮಾಡಿದ್ದೀರಾ?"

ಇಲ್ಲ ಎನ್ನುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒರೆಸುವುದನ್ನು ನಿಲ್ಲಿಸದೆ ಹೇಳಿದರು, "ನಿನಗೆ ತೊಂದರೆ ಆಗದ ಹಾಗೆ ಎಲ್ಲ ಮಾಡಿಟ್ಟಿದ್ದೇನೆ."

ನಾನು ಶಟರ್ ಅರ್ಧ ಎಳೆದು ಅವರ ಕೈ ಹಿಡಿದುಕೊಂಡು ಕುಳಿತೆ. ಮೇಡಂಗೆ ಫೋನ್ ಮಾಡಿದೆ. ಅವರ ಮಾತನ್ನು ಗಂಡ ತಲೆ ತಗ್ಗಿಸಿ ಕೇಳಿದರು. ನಾನು ಕರೆದ ಕೂಡಲೇ ತಂಗಿ ಕಾರು ಮಾಡಿಕೊಂಡು ಬಂದಳು. ಸಂಜೆಯೊಳಗೆ ಮೂಡುಬಿದಿರೆಯಲ್ಲಿ ಮಾನಸಿಕ ರೋಗದ ಡಾಕ್ಟರರ ಮುಂದೆ ಇದ್ದೆವು.

ಈಗ ಮದ್ದು ನಡೆಯುತ್ತಿದೆ. ಮೇಡಂ ಹತ್ತಿರ ಇಬ್ಬರೂ ಕುಳಿತು ಮಾತಾಡುತ್ತೇವೆ. ಗುಣವಾಗಿದ್ದಾರೆ ಎಂದು ಬರೆಯುವ ಧೈರ್ಯ ನನಗಿಲ್ಲ. ಅವರು ನಕ್ಕರೂ ಹೆದರುತ್ತೇನೆ, ಸುಮ್ಮನಿದ್ದರೂ ಹೆದರುತ್ತೇನೆ. ಕಳೆದ ವಾರ ಅವರು ಸ್ಕ್ರೂಡ್ರೈವರ್ ತಂದು, ತಮ್ಮ ಕೋಣೆಯ ಬಾಗಿಲಿನ ಒಳಗಿನ ಚಿಲಕವನ್ನು ತಾವೇ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇನ್ನು ಒಳಗಿನಿಂದ ಹಾಕಿಕೊಳ್ಳಲಿಕ್ಕೆ ಆಗುವುದಿಲ್ಲ," ಎಂದರು. ಗಾಳಿಗೆ ಆ ಬಾಗಿಲು ಆಗಾಗ ತಾನಾಗಿ ತೆರೆದುಕೊಳ್ಳುತ್ತದೆ. ಪ್ರತಿ ಸಲವೂ ಎದ್ದು ಹೋಗಿ ನೋಡುತ್ತೇನೆ.