ನೀರು ಕುಡಿಯುವ ಕಾಂಕ್ರೀಟಿಗೆ ಸಗಣಿ ಸಾರಿಸಿದ್ದು

ಬನಹಟ್ಟಿಯ ನನ್ನ ಅಕ್ಕನ ಮನೆಗೆ ಮೊದಲು ಮೂರು ಪಾವಟಿಗೆ ಹತ್ತಿ ಹೋಗಬೇಕಿತ್ತು. ಆಮೇಲೆ ಎರಡು ಪಾವಟಿಗೆ ಇಳಿದು ಹೋಗುವಂತಾಯಿತು. ಮನೆ ಇದ್ದಲ್ಲೇ ಇತ್ತು, ಓಣಿ ಮೇಲೆದ್ದಿತ್ತು. ಎಬ್ಬಿಸಿದ ಪುಣ್ಯಾತ್ಮ ನಾನೇ.

ನಾನು ಜಮಖಂಡಿಯಲ್ಲಿ ಸಣ್ಣ ಗುತ್ತಿಗೆದಾರ. ರಸ್ತೆ, ಗಟಾರ, ಅಂಗಳ, ಏನು ತೋರಿಸಿದರೂ ಕಾಂಕ್ರೀಟ್ ಸುರಿಯುತ್ತೇನೆ. ಅಕ್ಕನ ಓಣಿಗೆ ಬೇರೆ ಬೇರೆ ವರ್ಷಗಳಲ್ಲಿ ಮೂರು ಸಲ ಸುರಿದಿದ್ದೆ. ಹಳೆಯದನ್ನು ಒಡೆದು ತೆಗೆಯುವುದು ತಲೆನೋವು. ಅದರ ಮೇಲೆಯೇ ಹೊಸದನ್ನು ಹಾಕಿದರೆ ಸಂಜೆಯೊಳಗೆ ಮುಗಿಯುತ್ತದೆ. ಮೂರೂ ಸಲ ಓಣಿಯವರು ಕಾಯಿ ಒಡೆದು ನನಗೆ ಶಾಲು ಹೊದಿಸಿದ್ದರು. ಜಮಖಂಡಿಯ ನನ್ನ ಸ್ವಂತ ಅಂಗಳವನ್ನಂತೂ ಕನ್ನಡಿಯ ಹಾಗೆ ಮಾಡಿಸಿದ್ದೆ. ಎಂಥ ಮಳೆ ಬಂದರೂ ಅಲ್ಲಿ ಒಂದು ಹನಿ ನಿಲ್ಲುವುದಿಲ್ಲ, ಅಷ್ಟೂ ನೀರು ಎದುರುಮನೆಯವರ ಬಾಗಿಲಿಗೆ ಹೋಗುತ್ತದೆ. ಇದನ್ನು ನಾನು ಇಳಿಜಾರು ಕೊಡುವ ಜಾಣತನ ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ.

ಅಕ್ಕ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮಣೆ ತುಳಿಯುತ್ತ ನೇಯುವ ಮಗ್ಗ ಅದು. ಸುತ್ತಲೂ ಪವರ್‌ಲೂಮುಗಳ ಗದ್ದಲವೆದ್ದರೂ ಅವಳು ಅದನ್ನು ಬಿಟ್ಟವಳಲ್ಲ. ಓಣಿ ಎತ್ತರವಾದ ಮೇಲೆ ಮಳೆಯ ನೀರಿಗೆ ಅವಳ ಹೊಸ್ತಿಲೇ ಹಾದಿಯಾಯಿತು, ಕುಣಿಯೇ ಕೆರೆಯಾಯಿತು. ಒಂದು ಮಳೆಗಾಲದಲ್ಲಿ ನಾನು ಹೋದಾಗ ಅವಳು ಚರಿಗೆಯಿಂದ ಕುಣಿಯ ನೀರು ಎತ್ತಿ ಹಾಕುತ್ತಿದ್ದಳು. ನನ್ನ ಮುಖ ನೋಡದೆಯೇ ಹೇಳಿದಳು:

"ತಮ್ಮಾ, ಮ್ಯಾಲ ಏರಸೋದು ಒಂದ ಕಲತಿ ನೀನು. ಇನ್ನೊಂದ ಸಲ ಇದರಾಗ ನೀರ ಬಂತಂದ್ರ, ನಿನ್ನ ಕೈಲೆನ ಈ ಕುಣಿಗೆ ಕಾಂಕ್ರೀಟ್ ಹಾಕಸ್ತೇನಿ. ಮಗ್ಗಾ ಮುಗೀತು."

ಅಕ್ಕ ಬೈದರೆ ನನಗೆ ಹೆದರಿಕೆಯಿಲ್ಲ. ಇದನ್ನು ಅವಳು ಬೈಗುಳದ ಧಾಟಿಯಲ್ಲಿ ಹೇಳಲಿಲ್ಲ, ಅದಕ್ಕೇ ಹೆದರಿದೆ.

ಅದೇ ದಿನಗಳಲ್ಲಿ ಮುಧೋಳದಲ್ಲಿ ಗುತ್ತಿಗೆದಾರರಿಗೊಂದು ತರಬೇತಿ ಇತ್ತು. ವಿಷಯ ಪರಿಸರಸ್ನೇಹಿ ಕಾಂಕ್ರೀಟ್. ಅಲ್ಲಿಯವರೆಗೆ ನನ್ನ ಪ್ರಕಾರ ಪರಿಸರಸ್ನೇಹಿ ಅಂದರೆ ಕಾಂಕ್ರೀಟಿನ ನಡುವೆ ಒಂದು ದುಂಡನೆಯ ತೂತು ಬಿಟ್ಟು ಗಿಡ ನೆಡುವುದು, ಗಿಡ ಒಣಗಿದ ಮೇಲೆ ಆ ತೂತಿನಲ್ಲಿ ಗುಟ್ಕಾ ಚೀಟಿ ತುಂಬುವುದು. ಊಟದ ಆಸೆಗೆ ಹೋಗಿದ್ದೆ ಅನ್ನುವುದೂ ಖರೆ. ಆದರೆ ಅಲ್ಲಿ ಒಬ್ಬರು ಉಸುಕಿಲ್ಲದ ಕಾಂಕ್ರೀಟಿನ ತುಂಡಿನ ಮೇಲೆ ಒಂದು ತಂಬಿಗೆ ನೀರು ಸುರಿದರು. ಜಲ್ಲಿಕಲ್ಲುಗಳ ನಡುವಿನ ತೂತುಗಳಲ್ಲಿ ಇಳಿದು ನೀರು ಮಾಯವಾಯಿತು. ನನಗೆ ಅಕ್ಕನ ಚರಿಗೆ ನೆನಪಾಯಿತು, ಊಟ ಮರೆತೇ ಹೋಯಿತು.

ಓಡಾಡಿ ಪರವಾನಗಿ ತಂದೆ. ಅಕ್ಕನದೂ ಸೇರಿ ನಾಲ್ಕು ಮನೆಗಳ ಮುಂದಿನ ತುಂಡನ್ನು ಒಡೆಸಿದೆ. ಮೂರು ಪದರು ಕಾಂಕ್ರೀಟ್ ಕಿತ್ತ ಮೇಲೆ ಕೆಳಗೆ ಅಕ್ಕನ ಮನೆಯ ಹಳೆಯ ಪಾವಟಿಗೆಯ ಕಲ್ಲುಗಳು ಹಾಗೇ ಕೂತಿದ್ದವು. ಹುಗಿದವನು ನಾನು, ಅಗೆದು ತೆಗೆದವನೂ ನಾನು. ಓಣಿಯವರು ಈ ಸಲ ಶಾಲು ತರಲಿಲ್ಲ.

ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಹಾಗಾಗಿ ಅದನ್ನು ತೆಗೆಸಿ, ಬೀಳಗಿ ಕಡೆಯ ಜಲ್ಲಿ ಖಡಿ ತುಂಬಿಸಿ, ಇಳಿದ ನೀರು ಓಣಿಯ ಕೊನೆಯ ಹಾಳುಬಾವಿಗೆ ಹೋಗುವಂತೆ ಪೈಪು ಇಟ್ಟೆ. ಸಿಮೆಂಟ್ ಸ್ವಲ್ಪ ಕಡಿಮೆ ಮಾಡಿ ಸಕ್ಕರೆ ಕಾರ್ಖಾನೆಯ ಬೂದಿಯನ್ನು ಜರಡಿ ಹಿಡಿದು ಬೆರೆಸಿದೆವು. ನನ್ನ ಗೌಂಡಿ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಳ್ಳುವ ಮನುಷ್ಯ. ರಸ್ತೆಗೂ ಬೂದಿ ಬಳಿಯುತ್ತೀರಲ್ಲ ಎಂದು ನಕ್ಕ. ಉಸುಕು ಬೇಡ ಅಂದಾಗ ಮಾತ್ರ ಅವನ ನಗು ನಿಂತಿತು. ಕೆಲಸ ಮುಗಿದಾಗ ರಸ್ತೆ ಶೇಂಗಾದ ಚಿಕ್ಕಿಯ ಹಾಗೆ ಕಂಡಿತು. ಅದನ್ನು ನುಣ್ಣಗೆ ಮಾಡಲೇಬೇಕೆಂದು ಕರಣಿ ಹಿಡಿದು ನಿಂತ ಗೌಂಡಿಯನ್ನು ತಡೆಯಲು ನಾನು ಅದರ ಮುಂದೆ ಅಡ್ಡ ಕೂರಬೇಕಾಯಿತು.

ಗಟ್ಟಿಯಾದ ಮೇಲೆ ಓಣಿಯವರನ್ನೆಲ್ಲ ಕರೆದು ಕೊಡಗಟ್ಟಲೆ ನೀರು ಸುರಿದು ತೋರಿಸಿದೆ. ಅಷ್ಟೂ ಇಂಗಿತು. ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಕೃಷ್ಣೆಗೆ ಅಡ್ಡಲಾಗಿ ಒಡ್ಡು ಕಟ್ಟಿದ ಸೀಮೆ ನಮ್ಮದು, ನೀರು ನಿಲ್ಲಿಸುವುದು ನಮಗೆ ಗೊತ್ತು, ಇಳಿಯಲು ಬಿಡುವುದನ್ನು ಇನ್ನು ಕಲಿಯಬೇಕು ಎಂದು ಭಾಷಣವನ್ನೂ ಬಿಗಿದೆ. ಚಪ್ಪಾಳೆ ಬಿದ್ದವು. ಅಕ್ಕ ಮಾತ್ರ ಬಗ್ಗಿ ನೆಲ ಸವರಿ ನೋಡುತ್ತಿದ್ದಳು.

ತಿಂಗಳ ನಂತರ ಅರ್ಧ ಗಂಟೆಯ ಮಳೆ ಬಂತು. ಅಕ್ಕನ ಫೋನೂ ಬಂತು. ಕುಣಿಯಲ್ಲಿ ಎರಡು ಬೆರಳು ನೀರು, ಸಿಮೆಂಟ್ ತಗೊಂಡು ಬಾ ಅಂದಳು.

ಓಡಿ ಹೋದೆ. ಹೋದರೆ ನನ್ನ ರಸ್ತೆಯೇ ಇಲ್ಲ. ಚಿಕ್ಕಿಯ ತೂತುಗಳೆಲ್ಲ ಮುಚ್ಚಿ, ಮೇಲೆ ಹಸಿರುಗಂದು ಬಣ್ಣದ ನುಣುಪು ಪದರು, ಅದರ ಮೇಲೆ ಮಳೆಗೆ ಕದಡಿದ ರಂಗೋಲಿ. ಬೆಳಿಗ್ಗೆ ಎದ್ದು ಅಂಗಳಕ್ಕೆ ಸಗಣಿ ನೀರಿನ ಥಳಿ ಹೊಡೆಯದೆ ಬಾಗಿಲು ತೆರೆಯುವ ಹೆಂಗಸು ಆ ಓಣಿಯಲ್ಲಿ ಇಲ್ಲ. ಸಾದಾ ಕಾಂಕ್ರೀಟಾದರೆ ಥಳಿ ಸಾಕಿತ್ತು. ಇದು ತೂತು ತೂತಾಗಿದ್ದರಿಂದ ಅಕ್ಕ ದಪ್ಪಗೆ ಕಲಸಿ, ಕೈಯಾರೆ ತಿಕ್ಕಿ ತಿಕ್ಕಿ ಸಾರಿಸಿದ್ದಳು. ಉಳಿದ ಮೂರು ಮನೆಯವರು ಅವಳನ್ನು ನೋಡಿ ಸಾರಿಸಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಏನು ಮಾಡಿದಿ ಅಂದೆ.

"ಊರ ಮಂದಿ ಮುಂದ ನನ್ನ ತಮ್ಮನ ಕೆಲಸ ಅರ್ಧಾಮರ್ಧಾ ಕಾಣಬಾರದಂತ ದಿನಾ ಎರಡ ಸಲ ಸಾರಿಸೇನಿ," ಅಂದಳು. "ಸಗಣಿ ಹಾಕಬ್ಯಾಡ ಅಂತ ನೀ ಭಾಷಣದಾಗ ಹೇಳಿದೇನು?"

ಹೇಳಿರಲಿಲ್ಲ. ಮುಧೋಳದ ತರಬೇತಿಯಲ್ಲಿ ನಮಗೂ ಯಾರೂ ಹೇಳಿರಲಿಲ್ಲ. ಸಗಣಿ ಸಾರಿಸುವ ಅಕ್ಕಂದಿರು ಆ ಪಾಠ ಬರೆದವರಿಗೆ ಇರಲಿಲ್ಲವೆಂದು ಕಾಣುತ್ತದೆ. ನನಗಂತೂ ಇದ್ದಳು, ಮೂವತ್ತು ವರ್ಷ ಅವಳು ಸಾರಿಸಿದ ಅಂಗಳವನ್ನು ತುಳಿದೇ ಒಳಗೆ ಹೋಗಿದ್ದೆ. ಅವತ್ತು ನನಗೆ ಖರೆ ನಾಚಿಕೆಯಾಯಿತು. ಇನ್ನೊಂದು ಮಳೆ ನೋಡೋಣ ಎಂದು ಅಂಗಲಾಚಿದೆ. ಒಂದೇ ಒಂದು ಅಂದಳು.

ಗಾಡಿ ತೊಳೆಯುವ ಅಂಗಡಿಯಿಂದ ಜೋರಿನ ಪಂಪು ತಂದು ಎರಡು ದಿನ ರಸ್ತೆ ತೊಳೆದೆ. ಸಗಣಿ ನನ್ನ ಮೀಸೆಗೂ ಸಿಡಿಯಿತು. ಓಣಿಯವರಿಗೆ ಅಂಥ ಮನರಂಜನೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ತೊಳೆದದ್ದೇನೋ ಸರಿ, ನಾಳೆ ಬೆಳಿಗ್ಗೆ ಥಳಿ ಹೊಡೆಯಬೇಡಿ ಎಂದು ನಾಲ್ಕು ಮನೆಯ ಹೆಂಗಸರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ದಾರಿ ಹುಡುಕಿದವಳು ಅಕ್ಕನೇ. ಅಗೆದು ಒಗೆದಿದ್ದ ಹಳೆಯ ಪಾವಟಿಗೆಯ ಕಲ್ಲುಗಳನ್ನು ತರಿಸಿ ಬಾಗಿಲಿಗೊಂದರಂತೆ ಹಾಸಿಸಿದಳು. ಥಳಿ, ರಂಗೋಲಿ ಎಲ್ಲ ಕಲ್ಲಿನ ಮೇಲೆ, ಉಳಿದದ್ದು ನೀರಿಗೆ. ಅವಳ ಮಾತಿಗೆ ಯಾರೂ ಎದುರಾಡಲಿಲ್ಲ.

ದೊಡ್ಡ ಮಳೆ ಬಂದ ದಿನ ಮಧ್ಯಾಹ್ನ ನಾನು ಅವಳ ಮಗ್ಗದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಹೊರಗೆ ಆಕಾಶವೇ ಹರಿದಂತಿತ್ತು. ಅವಳು ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಲೇ ಇದ್ದಳು. ನಾನು ಹೊಸ್ತಿಲು ನೋಡುತ್ತಿದ್ದೆ, ಅವಳು ಸೀರೆಯ ಅಂಚು ನೋಡುತ್ತಿದ್ದಳು. ಮಳೆ ನಿಂತ ಮೇಲೆ ಕಾಲು ಮೇಲೆತ್ತಿ ತೋರಿಸಿದಳು. ಹಿಮ್ಮಡಿ ಒಣಗಿತ್ತು. ನನ್ನ ಕಣ್ಣು ತುಂಬಿತು, ಹೊಗೆ ಅಂದೆ. ಒಲೆ ಹಚ್ಚಿರಲಿಲ್ಲ.

ಅಕ್ಕ ಲಾಳಿ ಎಸೆಯುತ್ತಲೇ ಕೇಳಿದಳು:

"ಇಷ್ಟೊತ್ತಿಗೆ ಜಮಖಂಡ್ಯಾಗ ನಿನ್ನ ಅಂಗಳದ ನೀರ ಯಾರ ಮನ್ಯಾಗ ಹೊಕ್ಕಿರಬೇಕಲೇ?"

ಉತ್ತರ ನನಗೆ ಗೊತ್ತಿತ್ತು. ಎದುರುಮನೆಯ ಅಜ್ಜಿ ಪ್ರತಿ ಮಳೆಗೂ ಬಾಗಿಲಿಗೆ ಉಸುಕಿನ ಚೀಲ ಒಟ್ಟುವುದನ್ನು ನಾನು ಚಹಾ ಕುಡಿಯುತ್ತ ಎಷ್ಟೋ ಸಲ ನೋಡಿದ್ದೆ. ಅಲ್ಲಿಂದಲೇ ಗೌಂಡಿಗೆ ಫೋನ್ ಮಾಡಿ, ನಾಳೆ ನಮ್ಮ ಮನೆಯ ಅಂಗಳ ಒಡೆಯಬೇಕು ಅಂದೆ. ಆ ಕನ್ನಡಿ ಮಾಡಿದವನು ಅವನೇ.

"ಆತ್ರಿ," ಅಂದ. "ಉಸುಕ ಬ್ಯಾಡಲ್ರಿ?"