ಗುರುವಾರದ ಕೋಣೆ ಮತ್ತು ನನ್ನ ಹೊಟ್ಟೆಕಿಚ್ಚು

ಶುಶ್ರೂಷೆಯನ್ನು ವೃತ್ತಿಯಾಗಿ ಹಿಡಿದವರು ಸಾವಿರಾರು ಮಂದಿ. ಆಸ್ಪತ್ರೆಯ ಬಾಗಿಲವರೆಗೆ ಬಂದು ಒಳಗೆ ಕಾಲಿಡಲಾರದೆ ಹಿಂತಿರುಗುವವರು ಯಾರೆಂದು ಹುಡುಕಿಕೊಂಡು ಹೊರಟವರು ವಿರಳ. ನಮ್ಮ ಆಸ್ಪತ್ರೆಯವರೆಲ್ಲ ‘ದೊಡ್ಡ ಸಿಸ್ಟರ್’ ಎಂದು ಕರೆಯುವ, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಶುಶ್ರೂಷಕಿ ಆ ವಿರಳರ ಸಾಲಿಗೆ ಸೇರಿದವರು. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಅವರು ಕಟ್ಟಿದ ಗುರುವಾರದ ಚಿಕಿತ್ಸಾ ಕೋಣೆಯ ವೈದ್ಯಕೀಯ ಹಿರಿಮೆಯನ್ನು ಈ ಅಭಿನಂದನ ಸಂಪುಟದಲ್ಲಿ ಡಾಕ್ಟರುಗಳು ಬರೆಯುತ್ತಾರೆ. ನಾನು ಚೀಟಿ ಬರೆಯುವ ಕಿಟಕಿಯ ಗುಮಾಸ್ತೆ. ಒಲೆಯ ಮೇಲೆ ಅನ್ನಕ್ಕಿಟ್ಟು, ಬಟ್ಟೆ ನೆನೆಹಾಕಿ, ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಬರೆಯುತ್ತಿರುವೆನಾದ್ದರಿಂದ ಅಲ್ಲಲ್ಲಿ ಕಡಿದುಹೋದರೆ ಸಂಪಾದಕರು ಮನ್ನಿಸಬೇಕು. ಹೊಗಳುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ಹನ್ನೊಂದು ವರ್ಷಗಳಿಂದ ನಾನು ಇವರ ಮೇಲೆ ಹೊಟ್ಟೆಕಿಚ್ಚು ಪಡುತ್ತಲೇ ಬಂದಿದ್ದೇನೆ.

ಮೊದಲ ಕಿಚ್ಚು ಕೆಲಸದ್ದು. ಹನ್ನೊಂದು ವರ್ಷದ ಹಿಂದೆ ಅವರು ಬಿಡುವಾದಾಗಲೆಲ್ಲ ನನ್ನ ಕಿಟಕಿಯ ಎದುರಿನ ಬೆಂಚಿನಲ್ಲಿ ಸಣ್ಣ ಪುಸ್ತಕ ಹಿಡಿದು ಕೂರತೊಡಗಿದರು. ನನ್ನ ಮೇಲೆ ಚಾಡಿ ಬರೆಯುತ್ತಿದ್ದಾರೆ ಎಂದೇ ತಿಳಿದಿದ್ದೆ. ಆರು ವಾರದ ಮೇಲೆ ಚಹಾ ಕುಡಿಯುವಾಗ ಹೇಳಿದರು: ಈ ದಿನಗಳಲ್ಲಿ ಬಂದ ಹತ್ತೊಂಬತ್ತು ಮಂದಿ ಟ್ರಾನ್ಸ್‌ಜೆಂಡರ್ ರೋಗಿಗಳಲ್ಲಿ ಹದಿನೇಳು ಮಂದಿ ಔಷಧಿಯಿಲ್ಲದೆ ಹಿಂತಿರುಗಿದ್ದು ನನ್ನ ಕಿಟಕಿಯಿಂದಲೇ. ‘ಗಂಡಸಾ, ಹೆಂಗಸಾ’ ಎಂದು ನಾನು ಗಾಜಿನಾಚೆಯಿಂದ ಗಟ್ಟಿಯಾಗಿ ಕೇಳುತ್ತಿದ್ದೆ. ಹಿಂದಿನ ಸಾಲಿನವರು ಕತ್ತು ಉದ್ದ ಮಾಡುತ್ತಿದ್ದರು. ತಪ್ಪು ನಿನ್ನದಲ್ಲ, ಚೀಟಿಯ ನಮೂನೆಯದು ಎಂದು ಅವರು ಸಮಾಧಾನ ಹೇಳಿದರೂ ನನಗೆ ಮೈಯೆಲ್ಲ ಉರಿಯಿತು.

ಮುರಿದ ಮಂಚಗಳನ್ನು ತುಂಬಿದ್ದ, ಪಕ್ಕದ ಬೀದಿಗೆ ಬಾಗಿಲಿದ್ದ ನೆಲಮಹಡಿಯ ಕೋಣೆಯೊಂದನ್ನು ಅವರು ಕೇಳಿ ಪಡೆದರು. ಸುಣ್ಣ ಬಳಿಸಿದರು, ಶೌಚಾಲಯಕ್ಕೆ ಒಳಗಿನಿಂದ ಚಿಲಕ ಹಾಕಿಸಿದರು. ಕಿಟಕಿಯಲ್ಲಿ ಕೇಳುವುದು ಒಂದೇ ಪ್ರಶ್ನೆ, ‘ಏನಂತ ಕರೀಬೇಕು?’; ಉಳಿದದ್ದೆಲ್ಲ ಮುಚ್ಚಿದ ಬಾಗಿಲ ಹಿಂದೆ. ರೋಗಿಯು ತನ್ನ ಕಥೆಯನ್ನು ಒಮ್ಮೆ ಮಾತ್ರ ಹೇಳಬೇಕು. ರಕ್ತ ಪರೀಕ್ಷೆಯವರು, ಹಾರ್ಮೋನಿನ ಡಾಕ್ಟರು, ಮನೋವೈದ್ಯರು ಆ ಕೋಣೆಗೇ ಬರಬೇಕು. ಇದೆಂಥ ರಾಜೋಪಚಾರ ಎಂದು ಒಬ್ಬ ಡಾಕ್ಟರು ಗೊಣಗಿದಾಗ, ಹಾಗಾದರೆ ತಾವೂ ಐದು ಕಡೆ ಅಂಗಿ ಬಿಚ್ಚಿ ನೋಡಿ ಎಂದರಂತೆ. ಬಾಗಿಲಲ್ಲಿ ನಗುತ್ತಿದ್ದ ಕಾವಲುಗಾರನನ್ನು ಬೈಯಲಿಲ್ಲ. ಪ್ರತಿ ಗುರುವಾರ ಅಲ್ಲಿನವರಿಗೆ ಕುಡಿಯುವ ನೀರು ಕೊಡುವ ಕೆಲಸಕ್ಕೆ ಹಚ್ಚಿದರು. ಎರಡು ತಿಂಗಳಲ್ಲಿ ಅವನಿಗೆ ಎಲ್ಲರ ಮನೆಯ ಸುದ್ದಿಯೂ ಗೊತ್ತಿತ್ತು.

ಮೂವತ್ತು ವರ್ಷ ಡಾಕ್ಟರ ಮುಖ ನೋಡದಿದ್ದ ಒಬ್ಬ ವಯಸ್ಸಾದ ಟ್ರಾನ್ಸ್‌ಜೆಂಡರ್ ಹೆಂಗಸು ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಬಂದರು. ಹೆಂಗಸರ ವಾರ್ಡಿನಲ್ಲಿ ಗುಸುಗುಸು ಎದ್ದಿತು. ಸಿಸ್ಟರ್ ಮೇಲಿನವರ ಆದೇಶ ತೋರಿಸಲಿಲ್ಲ. ಒಂದೊಂದು ಹಾಸಿಗೆಯ ಬಳಿ ನಿಂತು ಕೇಳುತ್ತ ಬಂದರು. ಮೂಲೆಯ ಅಜ್ಜಿಯೊಬ್ಬಳು, “ನನ್ನ ಗೊರಕೆ ತಡ್ಕೊಳ್ಳೋದಾದ್ರೆ ಪಕ್ಕಕ್ಕೇ ಬರ್ಲಿ” ಎಂದಳು. ಆ ಕಾಲು ಉಳಿಯಿತು. ಆಮೇಲೆ ಆಕೆ ಊರಲ್ಲೆಲ್ಲ ಹೇಳಿ ಜನರನ್ನು ಕರೆತಂದರು. ಬೆಂಚಿನಲ್ಲಿ ವಾರಕ್ಕೆ ಹದಿನಾಲ್ಕು ಮಂದಿ ಕೂರುವಂತಾಯಿತು. ಅವರ ಹಳೆಯ ಹೆಸರಿನ ದಾಖಲೆಗಳಿದ್ದ ಬೀರುವಿಗೆ ಎರಡು ಕೀಲಿ. ಒಂದು ಸಿಸ್ಟರ್ ಬಳಿ, ಇನ್ನೊಂದನ್ನು ನಂಬಿ ನನಗೆ ಕೊಟ್ಟಿದ್ದರು.

ಎರಡನೆಯ ಕಿಚ್ಚು ಮನೆಯದು. ಕೋಣೆ ಶುರುವಾದ ನಾಲ್ಕನೆಯ ವರ್ಷ, ನನ್ನ ಹಿರಿಯ ಮಗನಿಗೆ ಇಪ್ಪತ್ತೆರಡು. ಹುಟ್ಟಿದಾಗ ಹೆಣ್ಣುಮಗು ಎಂದು ಬರೆಸಿದ್ದೆವು, ಹಾಗೆಂದೇ ಬೆಳೆಸಿದ್ದೆವು. ತಾನು ಹೆಣ್ಣಲ್ಲವೆಂದು ತಿಳಿದಿದ್ದವನು ಅವನೊಬ್ಬನೇ. ನನ್ನೆದುರು ‘ಹೂಂ’, ‘ಊಹೂಂ’ ಬಿಟ್ಟು ಮೂರನೆಯ ಮಾತಿರಲಿಲ್ಲ. ಅಂಥವನು ಒಂದು ಗುರುವಾರ ಆ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಜೊತೆ ಬಾಯಿತುಂಬ ನಗುತ್ತಿರುವುದನ್ನು ಗಾಜಿನೊಳಗಿಂದ ಕಂಡೆ. ಅವನು ನನ್ನ ಕಿಟಕಿಗೆ ಬಾರದಂತೆ ಅವನ ಟೋಕನ್ನನ್ನು ಅವರೇ ಒಯ್ಯುತ್ತಿದ್ದರೆಂದು ಆಗ ಹೊಳೆಯಿತು. ಹೆತ್ತು ಸಾಕಿದವಳು ಗಾಜಿನ ಈಚೆ, ಬರೀ ಗುರುತಿನವರು ಆಚೆ, ಅವನ ಪಕ್ಕ.

ಏನು ಕಾಯಿಲೆ ಎಂದು ಅವರನ್ನೇ ಹೋಗಿ ಕೇಳಿದೆ.

“ಕಾಯಿಲೆ ಇಲ್ಲ. ಹೆದರ್ಬೇಡ,” ಎಂದರು.

“ಮತ್ತೇನು? ನಾನು ಹೆತ್ತೋಳು ಸಿಸ್ಟರ್.”

“ಅದಕ್ಕೇ ನಾನು ಹೇಳ್ಬಾರದು. ನೋಡಮ್ಮ, ಕೀಲಿ ನಿನ್ನ ಹತ್ರನೂ ಇದೆ, ನಾನು ವಾಪಸ್ ಕೇಳಲ್ಲ. ಆದ್ರೆ ನನ್ನ ಬಾಯಿಂದ ಬರಲ್ಲ.”

ಮುಂದಿನ ಬುಧವಾರ ಬೀರು ತೆರೆದೆ. ಅವನ ಕಡತದ ಒಳಪುಟ ತಿರುವಲಿಲ್ಲ; ರಟ್ಟಿನ ಮೇಲೆಯೇ, ಹಳೆಯ ಹೆಸರಿನ ಮೇಲುಗಡೆ, ಕರೆಯಬೇಕಾದ ಹೆಸರಿತ್ತು. ಗಂಡಸಿನ ಹೆಸರು. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ದುಃಖವಲ್ಲ. ಆ ಹೆಸರು ಸಿಸ್ಟರ್ ಕೈಬರಹದಲ್ಲಿದೆಯಲ್ಲ ಎಂಬ ಉರಿ. ನನ್ನ ಮಗುವಿಗೆ ನಾನಿಲ್ಲದೆ ಹೆಸರಾಗಿತ್ತು.

ಅಂದು ಊಟಕ್ಕೆ ಬಡಿಸುತ್ತ ಆ ಹೆಸರು ಹಿಡಿದು ಮೆಲ್ಲಗೆ ಕರೆದೆ. ಅದರಲ್ಲಿ ಅರ್ಧ ಮಮತೆ. ಇನ್ನರ್ಧ, ನನಗೂ ಗೊತ್ತು ಎಂಬ ಪೈಪೋಟಿ. ಅವನ ಕೈ ತಟ್ಟೆಯಲ್ಲೇ ನಿಂತಿತು. “ಸಿಸ್ಟರ್ ಹೇಳಿದ್ರಾ?” ಎಂದ. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.

ಅವನು ಗುರುವಾರದ ಕೋಣೆಗೆ ಹೋಗುವುದನ್ನು ನಿಲ್ಲಿಸಿದ. ಮನೆಯಲ್ಲೇ ಕೂತು ನನ್ನ ಜೊತೆ ಬಟ್ಟೆ ಮಡಿಸಿದ. ನಾನು ಗೆದ್ದೆ ಅಂದುಕೊಂಡೆ, ಹೇಳಲು ನಾಚಿಕೆಯಾಗುತ್ತದೆ. ಆಗಷ್ಟೇ ಶುರುವಾಗಿದ್ದ ಚುಚ್ಚುಮದ್ದು ತಪ್ಪಿತು, ಅವನು ದಿನೇ ದಿನೇ ಬಾಡಿದ. ಸಿಸ್ಟರ್ ಗುಟ್ಟು ಹೊರಬಿಟ್ಟರೆಂಬ ಸುದ್ದಿ ಬೇರೆಯವರಿಗೂ ಮುಟ್ಟಿ ಬೆಂಚಿನ ಹದಿನಾಲ್ಕು ಮಂದಿ ಮೂವರಾದರು. ಸಿಸ್ಟರ್ ಐದು ಗಂಟೆಯವರೆಗೂ ಸುಮ್ಮನೆ ಕಾಯುತ್ತ ಕೂತಿರುತ್ತಿದ್ದರು. ಮೂರನೆಯ ಗುರುವಾರ ಆ ಕಾಲುನೋವಿನ ಹೆಂಗಸು ನನ್ನ ಕಿಟಕಿಯವರೆಗೆ ಕುಂಟುತ್ತ ಬಂದು, ಟೋಕನ್ ಮುಟ್ಟದೆ, “ಗಾಯ ಮತ್ತೆ ಬಾಯ್ಬಿಟ್ಟಿದೆ. ಆದ್ರೆ ನಿಮ್ಮ ಕೋಣೆನೂ ಬಾಯ್ಬಿಡುತ್ತಂತಲ್ಲ” ಎಂದು ಹೇಳಿ ತಿರುಗಿದರು. ಹದಿನೇಳು ಮಂದಿಯನ್ನು ಹಿಂದಕ್ಕೆ ಕಳಿಸಿದ್ದವಳು ನಾನು. ಈಗ ಎಲ್ಲರನ್ನೂ ಕಳಿಸಿದ್ದೆ.

ಓಡಿಹೋಗಿ ಆಕೆಯ ಕೈ ಹಿಡಿದೆ. ಬೀರು ತೆರೆದವಳು ನಾನು, ಸಿಸ್ಟರ್ ಅಲ್ಲ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದನ್ನು ಹೇಳಬೇಕಾದ್ದು ನನಗಲ್ಲ ಎಂದರು. ಮನೆಗೆ ಹೋಗಿ ಮಗನಿಗೆ ಹೇಳಿದೆ.

“ನೀನು ಕೇಳಿದ್ರೆ ಹೇಳ್ತಿರ್ಲಿಲ್ಲ ಅಮ್ಮ,” ಎಂದ. “ಕಾದಿದ್ರೆ ಹೇಳ್ತಿದ್ದೆ.”

ಮುಂದಿನ ಗುರುವಾರ ಆ ಹೆಂಗಸು ಕರೆತಂದವರೆಲ್ಲರ ಎದುರು ನಿಂತು ತಪ್ಪೊಪ್ಪಿಕೊಂಡು ಕೀಲಿ ಒಪ್ಪಿಸಿದೆ. ತಮ್ಮ ಮೇಲೆ ಅಪವಾದ ಬಂದಾಗಲೂ ನನ್ನ ಹೆಸರನ್ನು ಏಕೆ ಹೇಳಲಿಲ್ಲವೆಂದು ಆಮೇಲೆ ಸಿಸ್ಟರನ್ನು ಕೇಳಿದೆ. “ನೀನು ಅಂತ ಗೊತ್ತಾದ್ರೆ ಅವನಿಗೆ ಮನೆ ಹೋಗ್ತಿತ್ತು. ನಾನಾದ್ರೆ ಒಂದು ಕೋಣೆ ಅಷ್ಟೇ ಅಂದ್ಕೊಂಡೆ,” ಎಂದರು. “ಬೇರೆಯವ್ರೂ ಹೋಗ್ತಾರೆ ಅಂತ ಹೊಳೀಲಿಲ್ಲ. ನಾನೂ ತಪ್ಪಿದೆ.” ಬೆಂಚು ತುಂಬಲು ಏಳು ತಿಂಗಳು ಹಿಡಿಯಿತು.

ಇಂದು ಆ ಕೋಣೆಯಲ್ಲಿ ವಾರಕ್ಕೆ ಅರವತ್ತು ಮಂದಿಗೆ ಚಿಕಿತ್ಸೆ ದೊರೆಯುತ್ತದೆ. ನಿವೃತ್ತಿಯ ನಂತರವೂ ಗುರುವಾರ ಬರುವುದಾಗಿ ಸಿಸ್ಟರ್ ಹೇಳಿದ್ದಾರೆ. ಅವರ ಮಂಡಿಗಳು ಗಟ್ಟಿಯಾಗಿರಲಿ, ಕಿವಿ ಚುರುಕಾಗಿರಲಿ, ನೂರು ತುಂಬುವವರೆಗೂ ಆ ಕುರ್ಚಿ ಅವರದಾಗಿರಲಿ ಎಂದು ಹಾರೈಸುತ್ತೇನೆ.

ಇದು ನನ್ನ ಮಗನ ಕಥೆಯೂ ಆದ್ದರಿಂದ ಅವನು ಓದಿ ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ಹೊಟ್ಟೆಕಿಚ್ಚಿನ ಮಾತು ತೆಗೆದುಬಿಡಲೇ, ಸಿಸ್ಟರ್ ನೊಂದುಕೊಳ್ಳಬಹುದು ಎಂದೆ. ಅವನು ಹಾಳೆಗಳನ್ನು ಜೋಡಿಸಿ ಕೈಗಿಟ್ಟ.

“ಇರ್ಲಿ ಬಿಡಮ್ಮ. ಅವ್ರಿಗೆ ಏಳು ವರ್ಷದಿಂದ ಗೊತ್ತು. ನಾನೇ ಹೇಳಿದ್ದೆ.”

ಈಗಲೂ ಅವನು ಹೇಳುವುದು ಅವರಿಗೇ ಮೊದಲು.