ಡೀಸೆಲ್ ಡ್ರಮ್ಮಿಗೆ ಬಿದ್ದ ಅಮೆರಿಕನ್ ರ‍್ಯಾಚೆಟ್‌ಗಳು

ಅಬುಧಾಬಿಯಲ್ಲಿ ಎಲ್ಲರೂ ಮಾಸ್ಕ್ ತೆಗೆದು ಸುಮಾರು ಒಂದು ವರ್ಷವಾಗಿತ್ತು. ನಾನಾಗ ಎಲೆಕ್ಟ್ರಾ ಸ್ಟ್ರೀಟ್‌ನ ಒಂದು ಹಳೇ ಹಾರ್ಡ್‌ವೇರ್ ಅಂಗಡಿಯಲ್ಲಿದ್ದೆ. ವೀಸಾದಲ್ಲಿ ‘ಸೇಲ್ಸ್ ಎಕ್ಸಿಕ್ಯುಟಿವ್’ ಎಂದು ದೊಡ್ಡದಾಗಿ ಬರೆದಿದ್ದರೂ ಮಾಡುತ್ತಿದ್ದ ಕೆಲಸ ಕೌಂಟರ್ ಹಿಂದೆ ನಿಂತು ಸ್ಪ್ಯಾನರ್ ಮಾರುವುದು. ಮೈಸೂರಿನಲ್ಲಿ ಬಿ.ಕಾಂ. ಓದಿದವನಿಗೆ ಸ್ಪ್ಯಾನರ್ ಬಗ್ಗೆ ಏನು ಗೊತ್ತಿರುತ್ತದೆ? ಏನೂ ಗೊತ್ತಿರಲಿಲ್ಲ. ರೂಮಿನ ಬಂಕ್ ಬೆಡ್ ಮೇಲೆ ಮಲಗಿ ಫೋನಿನಲ್ಲಿ ವಿಡಿಯೋ ನೋಡಿಯೇ ಎಲ್ಲ ಕಲಿತೆ. ಅಮೆರಿಕದಲ್ಲಿ ಯಾರೋ ತುಕ್ಕು ಹಿಡಿದ ಹಳೇ ಸ್ಪ್ಯಾನರ್ ಉಜ್ಜಿ ಹೊಳಪು ಬರಿಸುವುದನ್ನು ಮುಕ್ಕಾಲು ಗಂಟೆ ನೋಡುತ್ತಿದ್ದೆ ಎಂದರೆ ಹುಚ್ಚು ಎಷ್ಟಿತ್ತೆಂದು ನಿಮಗೇ ಅರ್ಥವಾಗಬಹುದು. ರೂಮ್‌ಮೇಟ್‌ಗಳು ಕ್ರಿಕೆಟ್ ನೋಡುವಾಗ ನಾನು ಇಯರ್‌ಫೋನ್ ಹಾಕಿಕೊಂಡು ಇದನ್ನು ನೋಡುತ್ತಿದ್ದೆ.

ಕೌಂಟರಿನ ನಿಜವಾದ ಯಜಮಾನ ಲಾರೆನ್ಸ್ ಅಂಕಲ್. ಕುಂದಾಪುರದ ಕಡೆಯವರು, ಮನೆಮಾತು ಕೊಂಕಣಿ, ಅರವತ್ತು ದಾಟಿದ ವಯಸ್ಸು. ಅಂಗಡಿಯ ಮಾಲೀಕರು ಒಬ್ಬ ಎಮಿರಾತಿ, ಅಂದರೆ ಆ ದೇಶದವರೇ. ಇಲ್ಲಿ ಮಾಲೀಕರನ್ನು ಎಲ್ಲರೂ ‘ಅರ್ಬಾಬ್’ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಅರ್ಬಾಬ್‌ಗಿಂತ ಮೊದಲು ಅವರ ತಂದೆಯ ಕಾಲದಲ್ಲೇ ಅಂಕಲ್ ಆ ಕೌಂಟರಿಗೆ ಬಂದವರು.

ಅಂಕಲ್ ಬಂದ ಕಾಲದಲ್ಲಿ ಒಳ್ಳೇ ಟೂಲ್ ಎಂದರೆ ಅಮೆರಿಕನ್ ಟೂಲ್. ಮರಳುಗಾಡಿನ ತೈಲದ ಕೆಲಸಕ್ಕೆ ಅಮೆರಿಕದ ಪಂಪುಗಳು ಬಂದವು, ಜೊತೆಗೆ ಅವುಗಳನ್ನು ಬಿಚ್ಚುವ ಸ್ಪ್ಯಾನರುಗಳೂ ಬಂದವು. ಆ ಪಂಪುಗಳ ನಟ್‌ಗಳೆಲ್ಲ ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ಕೆಲವಕ್ಕೆ ಕೂರುವುದೇ ಇಲ್ಲ, ಕೆಲವಕ್ಕೆ ಸಡಿಲ. ಸಡಿಲ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ನಟ್‌ನ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕು. ಕ್ರಮೇಣ ಅಮೆರಿಕದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಡಬ್ಬದ ಮೇಲಿನ ಹೆಸರು ಅದೇ ಉಳಿಯಿತು, ಮಾಲು ಮಾತ್ರ ತೈವಾನಿನಿಂದ, ಚೀನಾದಿಂದ ಬರತೊಡಗಿತು. ತೈವಾನಿನವರು ಇಂಚಿನ ಸ್ಪ್ಯಾನರನ್ನೂ ಚೆನ್ನಾಗಿಯೇ ಮಾಡುತ್ತಾರೆ, ಅದನ್ನು ಇಲ್ಲವೆನ್ನಬಾರದು. ಆದರೆ ಒಂದು ಪದ್ಧತಿ ಹೋಯಿತು. ಹಳೇ ಅಮೆರಿಕನ್ ಕಂಪನಿಗಳು ಲೈಫ್‌ಟೈಮ್ ವಾರಂಟಿ ಕೊಡುತ್ತಿದ್ದವು. ಮುರಿದದ್ದನ್ನು ತಂದು ಕೌಂಟರ್ ಮೇಲಿಟ್ಟರೆ ಹೊಸದು ಕೈಗೆ ಬರುತ್ತಿತ್ತು. ಬಿಲ್ ಕೇಳುವಂತಿಲ್ಲ, ಹೇಗೆ ಮುರಿಯಿತೆಂದೂ ಕೇಳುವಂತಿಲ್ಲ. ಹಾಗೆ ವಾಪಸ್ ಬಂದ ಮುರುಕುಗಳನ್ನು ಅಂಕಲ್ ಕೌಂಟರ್ ಕೆಳಗೆ ದೊಡ್ಡ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ತುಂಬಿಟ್ಟಿದ್ದರು.

“ಎಂತಕ್ಕೆ ಅಂಕಲ್ ಈ ಗುಜರಿ?” ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ. ಅವರ ಜೊತೆ ಮಾತಾಡಿ ಮಾತಾಡಿ ನನಗೂ ‘ಎಂತ’ ಅಂಟಿಕೊಂಡಿತ್ತು.

“ಗುಜರಿ ಅಲ್ಲ ಪುತಾ, ಬ್ಲಡ್ ಬ್ಯಾಂಕ್,” ಎಂದಿದ್ದರು. ಪುತಾ ಎಂದರೆ ಕೊಂಕಣಿಯಲ್ಲಿ ಮಗ.

ಹೀಗಿರುವಾಗ ಅಮೆರಿಕದ ಒಂದು ಹಳೇ ಕಂಪನಿ ಮತ್ತೆ ತನ್ನ ನೆಲದಲ್ಲೇ ಟೂಲ್ ಮಾಡುತ್ತೇವೆಂದು ಹೊಸ ಕಾರ್ಖಾನೆ ತೆರೆಯಿತು. ರೋಬೋಟ್‌ಗಳು ಕೆಂಪಗೆ ಕಾದ ಉಕ್ಕನ್ನು ಎತ್ತಿ ಪ್ರೆಸ್ಸಿಗೆ ಕೊಡುವ ವಿಡಿಯೋವನ್ನು ಅಂಕಲ್‌ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮರುದಿನವೇ ಅರ್ಬಾಬ್ ಹತ್ತಿರ ಹೋಗಿ ಒಂದು ಪ್ಯಾಲೆಟ್, ಅಂದರೆ ಮರದ ಹಲಗೆಯ ಮೇಲೆ ಪೇರಿಸಿ ಕಳಿಸುವ ಒಂದು ಲೋಡ್ ಮಾಲು, ತರಿಸಲು ಒಪ್ಪಿಸಿಬಿಟ್ಟರು.

ಅರ್ಬಾಬ್ ಒಪ್ಪಿದ್ದು ಅಂಕಲ್ ಮೇಲಿನ ಮರ್ಯಾದೆಗೆ. ನಮ್ಮ ಸಾಲಿನ ಅಂಗಡಿಗಳೆಲ್ಲ ಅಷ್ಟರಲ್ಲಿ ಮೊಬೈಲ್ ಅಂಗಡಿಗಳಾಗಿದ್ದವು. ನಮ್ಮ ಕೌಂಟರನ್ನೂ ಬಾಡಿಗೆಗೆ ಕೇಳಿ ಮೊಬೈಲ್ ಕವರ್ ಮಾರುವವನೊಬ್ಬ ಬಂದು, ನಮ್ಮೆದುರೇ ಟೇಪ್ ಹಿಡಿದು ಉದ್ದಗಲ ಅಳೆದುಕೊಂಡು ಹೋಗಿದ್ದ. ಅರ್ಬಾಬ್ ತಮ್ಮ ಹಿಂದಿಯಲ್ಲಿ ಅಂಕಲ್‌ಗೆ ನೇರವಾಗಿ ಹೇಳಿದರು: “ಲಾರೆನ್ಸ್, ಈದ್ ತಕ್ ದೇಖೋ. ಬಡಾ ಆರ್ಡರ್ ಆಯಾ ತೋ ಠೀಕ್. ಮಾಫಿ ಆರ್ಡರ್, ಕೌಂಟರ್ ಖಲಾಸ್.”

ಈದ್‌ವರೆಗೆ ನೋಡೋಣ, ದೊಡ್ಡ ಆರ್ಡರ್ ಬರದಿದ್ದರೆ ಕೌಂಟರ್ ಮುಗಿಯಿತು ಎಂದರ್ಥ. ಕೌಂಟರ್ ಖಲಾಸ್ ಎಂದರೆ ಅಂಕಲ್ ಕೂಡ ಖಲಾಸ್. ಅವರ ವೀಸಾ ರಿನ್ಯೂವಲ್ ಈದ್ ಆದ ಕೂಡಲೇ ಇತ್ತು. ಕೌಂಟರೇ ಇಲ್ಲದ ಮೇಲೆ ಆ ವಯಸ್ಸಿನವರ ವೀಸಾ ಯಾರು ಮಾಡಿಸುತ್ತಾರೆ? ಸಂಗತಿ ಇಬ್ಬರಿಗೂ ಗೊತ್ತಿತ್ತು.

ದೊಡ್ಡ ಆರ್ಡರ್ ಎಲ್ಲಿಂದ ತರುವುದು? ಮದೀನತ್ ಜಾಯೆದ್‌ನಲ್ಲಿ ಪಂಪ್ ರಿಪೇರಿ ಮಾಡುವ ದೊಡ್ಡ ವರ್ಕ್‌ಶಾಪ್ ಒಂದಿತ್ತು. ಅಬುಧಾಬಿಯಿಂದ ಪಶ್ಚಿಮಕ್ಕೆ ಮರಳಿನ ನಡುವೆ ಉದ್ದಕ್ಕೂ ಡ್ರೈವ್ ಮಾಡಿದರೆ ಸಿಗುವ ಊರು. ಅಲ್ಲಿನ ಸೂಪರ್‌ವೈಸರ್ ಗೋಪಾಲಣ್ಣ ಪುತ್ತೂರಿನವರು, ಅಂಕಲ್‌ಗೆ ಹಳೇ ಗಿರಾಕಿ. ರಿಪೇರಿಗೆ ಬರುತ್ತಿದ್ದ ಪಂಪುಗಳು ಬಹುಪಾಲು ಇಂಚಿನ ನಟ್‌ನವು. ಟ್ರಯಲ್‌ಗೆಂದು ಸ್ಪ್ಯಾನರ್ ಸೆಟ್‌ಗಳನ್ನೂ ಅರ್ಧ ಇಂಚಿನ ರ‍್ಯಾಚೆಟ್‌ಗಳನ್ನೂ ನಾನೇ ಪಿಕಪ್‌ನಲ್ಲಿ ತೆಗೆದುಕೊಂಡು ಹೋದೆ.

ರ‍್ಯಾಚೆಟ್ ಏನೆಂದು ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಅದೊಂದು ಹಿಡಿಕೆ. ಒಂದು ಕಡೆಗೆ ತಿರುಗಿಸಿದರೆ ನಟ್ ತಿರುಗುತ್ತದೆ. ವಾಪಸ್ ತಂದರೆ ಟಿಕ್ ಟಿಕ್ ಎಂದು ಸುಮ್ಮನೆ ಬರುತ್ತದೆ, ಹಾಗಾಗಿ ಪ್ರತಿ ಸಲ ಟೂಲ್ ಎತ್ತಿ ಮತ್ತೆ ಕೂರಿಸಬೇಕಾಗಿಲ್ಲ. ಒಳಗೆ ಹಲ್ಲಿನ ಚಕ್ರವೊಂದಿದ್ದು, ಅದಕ್ಕೆ ಸಿಕ್ಕಿಕೊಳ್ಳುವ ‘ಪಾಲ್’ ಎಂಬ ಚಿಕ್ಕ ತುಂಡೊಂದಿರುತ್ತದೆ. ಹಳೇ ರ‍್ಯಾಚೆಟ್‌ಗೆ ಮೂವತ್ತಾರು ದಪ್ಪ ಹಲ್ಲು, ನಮ್ಮ ಹೊಸದಕ್ಕೆ ತೊಂಬತ್ತು ಸಣ್ಣ ಹಲ್ಲು. ಹಲ್ಲು ಹೆಚ್ಚಿದ್ದಷ್ಟೂ ಇಕ್ಕಟ್ಟಿನಲ್ಲಿ ಸ್ವಲ್ಪವೇ ಆಡಿಸಿದರೂ ಕೆಲಸವಾಗುತ್ತದೆ. ಇದನ್ನೂ, ಹೊಸದಕ್ಕೂ ಇದ್ದ ಲೈಫ್‌ಟೈಮ್ ವಾರಂಟಿಯನ್ನೂ ನಾನು ಗೋಪಾಲಣ್ಣನಿಗೆ ಎಷ್ಟು ಉತ್ಸಾಹದಿಂದ ವಿವರಿಸಿದೆನೆಂದರೆ, ಅವರು ಚಹಾದ ಗ್ಲಾಸ್ ಕೆಳಗಿಟ್ಟು, “ಮಾರಾಯ, ನೀನು ಟೂಲ್ ಮಾರ್ಲಿಕ್ಕೆ ಬಂದದ್ದಾ, ಹೆಣ್ಣು ತೋರಿಸ್ಲಿಕ್ಕಾ?” ಎಂದರು.

ಮೊದಲು ಎಲ್ಲ ಚೆನ್ನಾಗಿತ್ತು. “ಸೂಪರ್ ಉಂಟು, ಹುಡುಗರು ಬಿಡುದೇ ಇಲ್ಲ,” ಎಂದು ಗೋಪಾಲಣ್ಣ ವಾಯ್ಸ್ ನೋಟ್ ಕಳಿಸಿದರು. ಅಂಕಲ್ ಅದನ್ನು ಸ್ಪೀಕರಿನಲ್ಲಿ ಹಾಕಿಸಿ ಅಂಗಡಿಗೆಲ್ಲ ಕೇಳಿಸಿದರು.

ಸ್ವಲ್ಪ ದಿನಗಳ ಮೇಲೆ ಇನ್ನೊಂದು ಬಂತು. “ಚೇತನ್, ನಿನ್ನ ಅಮೆರಿಕ ಕೈ ಕೊಟ್ಟಿತು ಮಾರಾಯ. ರ‍್ಯಾಚೆಟ್ ಲೋಡಿನಲ್ಲಿ ಜಾರ್ತದೆ. ಒಬ್ಬ ಫಿಟ್ಟರ್‌ನ ಕೈ ಹೋಗಿ ಪಂಪಿಗೆ ಬಡ್ದು ನಾಲ್ಕು ಸ್ಟಿಚ್ ಬಿತ್ತು. ಸೇಫ್ಟಿಯವರು ನಿನ್ನ ರ‍್ಯಾಚೆಟ್ಟಿಗೆಲ್ಲ ರೆಡ್ ಟ್ಯಾಗ್ ಹಾಕಿದ್ದಾರೆ.”

ರೆಡ್ ಟ್ಯಾಗ್ ಬಿದ್ದ ಟೂಲನ್ನು ಯಾರೂ ಮುಟ್ಟುವಂತಿಲ್ಲ. ರ‍್ಯಾಚೆಟ್‌ಗಳ ಟ್ರಯಲ್ ಅಲ್ಲಿಗೇ ನಿಂತಿತು. ಅದೇ ವಾರ ನಾನು ನೋಡುವ ಟೂಲ್ ಪ್ರಿಯರ ಗುಂಪಿನಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದ ಆ ಹೊಸ ಕಾರ್ಖಾನೆಯೇ ಮುಚ್ಚುತ್ತಿದೆಯಂತೆ. ಯಂತ್ರಗಳು ಅಂದುಕೊಂಡಂತೆ ಓಡಲೇ ಇಲ್ಲ ಎಂದು ಒಬ್ಬ ಬರೆದಿದ್ದ, ಖರ್ಚು ಕೈ ಮೀರಿತು ಎಂದು ಇನ್ನೊಬ್ಬ. ಸರಿಯಾದ ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಪ್ಯಾಲೆಟ್ ಬರುವುದಿಲ್ಲ ಎಂಬುದಷ್ಟೇ ಗೊತ್ತಾಯಿತು.

ಫೋನನ್ನು ಅಂಕಲ್ ಮುಂದೆ ಹಿಡಿದೆ. ಅವರು ಓದಿ ವಾಪಸ್ ಕೊಟ್ಟು, ಕೌಂಟರಿನ ಗಾಜು ಒರೆಸತೊಡಗಿದರು. ಗಾಜು ಮೊದಲೇ ಸ್ವಚ್ಛವಾಗಿತ್ತು.

“ಗೋಪಾಲಣ್ಣನಿಗೆ ಇದನ್ನ ಈಗಲೇ ಹೇಳೋದಾ ಅಂಕಲ್? ಆರ್ಡರ್ ಆದಮೇಲೆ...”

“ಯಲ್ಲಾ, ಹೊರಡುವ. ಗಾಡಿ ತೆಗಿ. ರ‍್ಯಾಚೆಟ್ಟಿಗೆ ಎಂತ ಆಯ್ತು ನೋಡುವ, ಇದನ್ನೂ ಹೇಳಿ ಬರುವ. ಬಕೆಟ್ ಒಂದು ಹಿಂದೆ ಇಡು.”

ನಾವು ತಲುಪುವಾಗ ಹಗಲಿನ ಶಿಫ್ಟ್ ಮುಗಿಯುತ್ತಿತ್ತು. ವರ್ಕ್‌ಶಾಪಿನ ಬಾಗಿಲ ಬಳಿ ಅಡ್ಡಕ್ಕೆ ಕತ್ತರಿಸಿದ ಡ್ರಮ್ಮೊಂದಿತ್ತು, ಅದರ ತುಂಬ ಡೀಸೆಲ್. ಕೆಲಸ ಮುಗಿಸಿದವರೆಲ್ಲ ಸಾಲಾಗಿ ಬಂದು ತಮ್ಮ ಟೂಲ್‌ಗಳನ್ನು ಅದರೊಳಗೆ ಹಾಕಿ ಹೋಗುತ್ತಿದ್ದರು. ಮುಂದಿನ ಶಿಫ್ಟಿನವರು ಅದರಿಂದಲೇ ಎತ್ತಿ, ಜಾಡಿಸಿ, ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಟ್ರಯಲ್ ಟೂಲ್ ಕೊಡಲು ಬಂದಾಗ ನಾನು ಬೆಳಿಗ್ಗೆ ಬಂದು ಮಧ್ಯಾಹ್ನವೇ ಹೊರಟಿದ್ದೆ, ಇದನ್ನು ನೋಡಿರಲಿಲ್ಲ.

“ಗೋಪಾಲಣ್ಣ, ನಮ್ಮ ರ‍್ಯಾಚೆಟ್ಟೂ ಇದಕ್ಕೇ ಹಾಕ್ತಿದ್ರಾ?”

“ಮತ್ತೆ? ಅಮೆರಿಕದ್ದು ಅಂತ ಅದಕ್ಕೆ ಬೇರೆ ಬಾತ್‌ರೂಮ್ ಕಟ್ಟಿಸ್ಬೇಕಾ?”

ರೆಡ್ ಟ್ಯಾಗ್ ಹಾಕಿದ್ದ ಒಂದನ್ನು ಚಹಾದ ಮೇಜಿನ ಮೇಲಿಟ್ಟು ಸ್ಕ್ರೂ ಬಿಚ್ಚಿದೆ. ಒಳಗೆ ಇರಬೇಕಾದ ತೆಳು ಗ್ರೀಸ್ ಒಂದು ಚೂರೂ ಇರಲಿಲ್ಲ, ಡೀಸೆಲ್ ಅದನ್ನು ತೊಳೆದುಬಿಟ್ಟಿತ್ತು. ಅದರ ಜಾಗದಲ್ಲಿ, ಗಾಳಿಗೆ ಡ್ರಮ್ಮಿಗೆ ಬಿದ್ದ ಮರಳು ಬೂದು ಬಣ್ಣದ ಪೇಸ್ಟ್ ಆಗಿ ಕೂತಿತ್ತು. ಆ ತೊಂಬತ್ತು ಸಣ್ಣ ಹಲ್ಲುಗಳ ಸಂದಿಯೆಲ್ಲ ತುಂಬಿ ಪಾಲ್ ಪೂರ್ತಿ ಕೂರುತ್ತಲೇ ಇರಲಿಲ್ಲ. ಮೇಲೆ ಮೇಲೆ ಹಿಡಿದುಕೊಂಡು, ಬಲ ಬಿದ್ದಾಗ ಜಾರುತ್ತಿತ್ತು. ಅಂಕಲ್ ಅಂಗಿಯ ತೋಳು ಮಡಚಿ, ಡ್ರಮ್ಮಿನೊಳಗಿಂದ ವರ್ಕ್‌ಶಾಪಿನದ್ದೇ ಒಂದು ಹಳೇ ಅಮೆರಿಕನ್ ರ‍್ಯಾಚೆಟ್ ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟರು. ಬಿಚ್ಚಿದೆ. ಅದರಲ್ಲೂ ಮರಳಿತ್ತು. ಆದರೆ ಹಲ್ಲು ದಪ್ಪ, ಸಂದಿ ಅಗಲ, ಪಾಲ್ ಮರಳನ್ನು ತಳ್ಳಿಕೊಂಡು ಹೋಗಿ ಗಟ್ಟಿಯಾಗಿ ಕೂತಿತ್ತು.

“ಹಾಗಾದ್ರೆ ಡ್ರಮ್ ನಿಲ್ಲಿಸಿ ಬಿಡಿ ಅಣ್ಣ,” ಎಂದೆ. ನನಗೆ ಗೆದ್ದಷ್ಟು ಖುಷಿ.

“ಅದೊಂದು ಹೇಳ್ಬೇಡ. ಆಯಿಲ್ ಮೆತ್ತಿದ ಸ್ಪ್ಯಾನರ್ ಕೈಯಿಂದ ಜಾರಿ ಬಿದ್ದದ್ದು ನೋಡಿಯೇ ಡ್ರಮ್ ಇಟ್ಟದ್ದು. ಎರಡು ಶಿಫ್ಟಿಗೆ ಒಂದೇ ಟೂಲು. ಅವನ ಕೊಳೆ ಇವನು ಯಾಕೆ ಒರೆಸ್ಬೇಕು ಅಂತ ದಿನಾ ಜಗಳ ಇತ್ತು, ಡ್ರಮ್ ಬಂದಮೇಲೆ ಇಲ್ಲ. ನಿನ್ನ ರ‍್ಯಾಚೆಟ್ಟಿಗಾಗಿ ನಾನು ಪುನಃ ಜಗಳ ತರುದಿಲ್ಲ.”

ಅಂಕಲ್ ಆಗ ಕಾರ್ಖಾನೆಯ ವಿಷಯ ಹೇಳಿದರು. ಸುತ್ತುಬಳಸಲಿಲ್ಲ. “ಗೋಪಾಲ, ಇನ್ನೊಂದುಂಟು. ಇದನ್ನು ಮಾಡುವ ಕಂಪನಿ ಅಲ್ಲಿ ಬಾಗಿಲು ಹಾಕ್ತಾ ಉಂಟು. ಈಗ ನಮ್ಮಲ್ಲಿರುವುದೇ ಕೊನೆಯದ್ದು.”

ಗೋಪಾಲಣ್ಣ ನನ್ನ ಮುಖ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

“ಮತ್ತೆ ಲೈಫ್‌ಟೈಮ್ ವಾರಂಟಿ ಅಂತ ಇವನು ಭಾಷಣ ಮಾಡಿದ್ದು? ಯಾರ ಲೈಫ್‌ಟೈಮು ಲಾರೆನ್ಸಣ್ಣ?”

“ನನ್ನದು,” ಎಂದರು ಅಂಕಲ್. “ನಾನು ಕೌಂಟರಿನಲ್ಲಿರುವಷ್ಟು ದಿನ. ಅದು ಎಷ್ಟು ದಿನ ಅಂತ ಈಗ ನಿನ್ನ ಕೈಯಲ್ಲಿ ಉಂಟು.”

ಅಷ್ಟರಲ್ಲಿ ಒಬ್ಬ ಫಿಟ್ಟರ್ ಬಂದು ಡ್ರಮ್ಮಿಗೆ ಸ್ಪ್ಯಾನರ್ ಹಾಕಿ ಹೋದ. ಅಂಕಲ್ ಅದನ್ನೇ ಎತ್ತಿ ತೋರಿಸಿದರು. ನಾವು ಟ್ರಯಲ್‌ಗೆ ಕೊಟ್ಟ ಸೆಟ್ಟಿನದ್ದೇ ಆದರೂ ಅದಕ್ಕೆ ರೆಡ್ ಟ್ಯಾಗ್ ಇರಲಿಲ್ಲ.

“ಇದರಲ್ಲಿ ಎಂತ ಉಂಟು ಹಾಳಾಗ್ಲಿಕ್ಕೆ? ಒಂದು ತುಂಡು ಉಕ್ಕು. ಡೀಸೆಲ್ ಕುಡೀಲಿ, ಮರಳು ತಿನ್ಲಿ. ಸ್ಪ್ಯಾನರ್ ಸೆಟ್ ತಗೊ. ಹೊಸ ರ‍್ಯಾಚೆಟ್ ನಾನು ವಾಪಸ್ ತಕ್ಕೊಂಡು ಹೋಗ್ತೇನೆ. ನಿನ್ನ ಹಳೇದನ್ನೆಲ್ಲ ಬಿಚ್ಚಿ ಸರಿ ಮಾಡಿ ಕೊಡ್ತೇವೆ, ತಿಂಗಳಿಗೊಮ್ಮೆ ನಿನ್ನ ಗಾಡಿ ಅಬುಧಾಬಿಗೆ ಬರುವಾಗ ಕಳಿಸು. ಡ್ರಮ್ ಇರ್ಲಿ.”

ನಾನು ಪಿಕಪ್‌ನಿಂದ ಬಕೆಟ್ ಇಳಿಸಿ ತಂದೆ. ಮುರಿದ ಹಿಡಿಕೆಗಳು, ಒಳ್ಳೇ ಹಲ್ಲಿನ ಚಕ್ರಗಳು, ಪಾಲ್‌ಗಳು. ಅಂಕಲ್ ಯಾಕೆ ಅದನ್ನು ಬ್ಲಡ್ ಬ್ಯಾಂಕ್ ಎಂದರೆಂದು ನನಗೆ ಅರ್ಥವಾದದ್ದು ಆ ಮೇಜಿನ ಮುಂದೆ. ವರ್ಕ್‌ಶಾಪಿನಲ್ಲಿ ಕೆಟ್ಟು ಮೂಲೆಗೆ ಬಿದ್ದಿದ್ದ ಒಂದು ಹಳೇ ರ‍್ಯಾಚೆಟ್ಟಿಗೆ ಬಕೆಟ್ಟಿನ ಚಕ್ರ ಹಾಕಿ, ಗ್ರೀಸ್ ಸವರಿ, ಮುಚ್ಚಿ ಗೋಪಾಲಣ್ಣನ ಕೈಗೆ ಕೊಟ್ಟೆ. ಅವರು ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಟಕ್, ಟಕ್, ಟಕ್.

“ಪಿಆರ್ ಹಾಕ್ತೇನೆ,” ಎಂದರು. ಪಿಆರ್ ಎಂದರೆ ಖರೀದಿಗೆ ಬೇಡಿಕೆ. “ಆದ್ರೆ ಇವನನ್ನು ಮಾತಾಡ್ಲಿಕ್ಕೆ ಕಳಿಸ್ಬೇಡಿ. ಬಿಚ್ಚಲಿಕ್ಕೆ ಕಳಿಸಿ.”

ಆರ್ಡರ್ ಈದ್‌ಗೆ ಮುಂಚೆಯೇ ಬಂತು. ನಾವು ಕನಸು ಕಂಡಷ್ಟು ದೊಡ್ಡದಲ್ಲ. ಅರ್ಬಾಬ್ ಅದನ್ನು ನೋಡಿ, ಒಮ್ಮೆ ಅಂಕಲ್ ಕಡೆ ನೋಡಿ, “ಹಾಫ್ ಹಾಫ್,” ಎಂದರು. ಅರ್ಧ ಕೌಂಟರ್ ಮೊಬೈಲ್ ಕವರ್‌ನವನಿಗೆ ಹೋಯಿತು. ಉಳಿದರ್ಧದ ಮೇಲೆ ಅಂಕಲ್ ವೀಸಾ ರಿನ್ಯೂ ಆಯಿತು. ಅದರ ಮೆಡಿಕಲ್ ಟೆಸ್ಟಿಗೆ ರಕ್ತ ಕೊಟ್ಟು ಬಂದ ದಿನ, “ಇವತ್ತು ನಂದೂ ಬಕೆಟ್ಟಿಗೆ ಹಾಕಿ ಬಂದೆ,” ಎಂದು ನಗಾಡಿದರು.

ಪ್ಯಾಲೆಟ್‌ನ ಸ್ಪ್ಯಾನರುಗಳು ಕ್ರಮೇಣ ಖಾಲಿಯಾದವು. ತೊಂಬತ್ತು ಹಲ್ಲಿನ ರ‍್ಯಾಚೆಟ್‌ಗಳನ್ನು ಕಾರು ಗ್ಯಾರೇಜಿನವರು ಸಂತೋಷದಿಂದ ಒಯ್ದರು, ಅವರಲ್ಲಿ ಡ್ರಮ್ ಇರಲಿಲ್ಲ. ಹೊಸ ಅಮೆರಿಕನ್ ಮಾಲು ಆಮೇಲೆ ನಮ್ಮ ಅಂಗಡಿಗೆ ಬರಲಿಲ್ಲ. ಮತ್ತೆ ಯಾರಾದರೂ ಅಲ್ಲಿ ಕಾರ್ಖಾನೆ ತೆರೆದರೆ ವಿಡಿಯೋ ನೋಡುವವರಲ್ಲಿ ನಾನೇ ಮೊದಲಿಗ, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಆದರೆ ಈಗ ಒಂದು ಟೂಲ್ ಕೈಗೆ ಬಂದರೆ ಎಲ್ಲಿ ಮಾಡಿದ್ದೆಂಬ ಮುದ್ರೆ ಹುಡುಕುವ ಮೊದಲು ಅದಕ್ಕೆ ಸ್ಕ್ರೂ ಇದೆಯೇ, ಬಿಚ್ಚಲು ಬರುತ್ತದೆಯೇ ಎಂದು ನೋಡುತ್ತೇನೆ. ಸಂಜೆಯ ಹೊತ್ತಿಗೆ ಅದನ್ನು ಎಲ್ಲಿ ಇಡುತ್ತೀರಿ ಎಂದು ಗಿರಾಕಿಯನ್ನು ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಮೊನ್ನೆ ಮದೀನತ್ ಜಾಯೆದ್‌ನ ಡ್ರೈವರ್ ಎಂದಿನಂತೆ ರ‍್ಯಾಚೆಟ್‌ಗಳ ಪೆಟ್ಟಿಗೆ ಇಳಿಸಿ ಹೋದ. ಬಿಚ್ಚುತ್ತಾ ಹೋದಾಗ ನಡುವೆ ಒಂದು ಬೇರೆ ಬಂತು. ಅಮೆರಿಕದ್ದಲ್ಲ, ನಾವು ಮಾರಿದ್ದೂ ಅಲ್ಲ, ಎಲ್ಲೋ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಅಗ್ಗದ ಮಾಲು. “ಅಂಕಲ್, ಇದು ನಮ್ಮದಲ್ಲ,” ಎಂದು ಪಕ್ಕಕ್ಕೆ ತಳ್ಳಿದೆ.

ಅಂಕಲ್ ಅದನ್ನು ತಿರುಗಿಸಿ ನೋಡಿ, ವಾಪಸ್ ನನ್ನ ಮುಂದಿಟ್ಟರು.

“ಸ್ಕ್ರೂ ಉಂಟಲ್ಲ? ಬಿಚ್ಚು ಪುತಾ.”